ಅರಬೈಲ್ ಘಟ್ಟಕ್ಕೆ ಕ್ಲಚ್ ಪೆಡಲ್ ಇಲ್ಲದ ಲಾರಿ: ನನ್ನ ಅನುಭವ

ಹುಬ್ಬಳ್ಳಿ ಬಳಿಯ ಗಬ್ಬೂರಿನ ಚಹಾದಂಗಡಿಯಲ್ಲಿ ನನಗೆ ಬುದ್ಧಿ ಹೇಳದ ಲಾರಿ ಮಾಲೀಕರಿಲ್ಲ. "ಕಾಕಾ, ಎಎಂಟಿ ಬೇಡಿರಿ, ಮೆಕ್ಕೆಜೋಳ ಹೇರಿಕೊಂಡು ಘಟ್ಟ ಇಳಿಯುವ ಗಾಡಿಗೆ ಅದು ಆಗದು" ಎಂದವರೇ ಎಲ್ಲರೂ. ಎಎಂಟಿ ಎಂದರೆ ಕ್ಲಚ್ ಒತ್ತುವುದು, ಗೇರು ಬದಲಿಸುವುದು ಎರಡನ್ನೂ ಗಾಡಿ ತಾನೇ ಮಾಡಿಕೊಳ್ಳುವ ವ್ಯವಸ್ಥೆ. ಆದರೂ ನಾನು ಅದನ್ನೇ ಕೊಂಡೆ. ಆ ಗಾಡಿ ಈಗ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಕ್ಲಚ್ ಪ್ಲೇಟು ಇನ್ನೂ ಮೊದಲಿನದೇ. ಅದೇ ಹುಬ್ಬಳ್ಳಿ–ಮಂಗಳೂರು ದಾರಿಯಲ್ಲಿ ನನ್ನ ಮ್ಯಾನ್ಯುವಲ್ ಗಾಡಿಗೆ 60–70 ಸಾವಿರ ಕಿಲೋಮೀಟರಿಗೊಮ್ಮೆ ಪ್ಲೇಟು, ಬೇರಿಂಗು, ಕೂಲಿ ಸೇರಿ ಸುಮಾರು 30,000 ರೂಪಾಯಿ ಕೈಬಿಟ್ಟು ಹೋಗುತ್ತಿತ್ತು.

ಮೊದಲ ಎರಡು ತಿಂಗಳು ಮಾತ್ರ ಹೊಟ್ಟೆ ಉರಿಯಿತು. ಚಾಲಕ ಅರಬೈಲಿನಲ್ಲಿ ಆಟೊ ಮೋಡ್‌ನಲ್ಲೇ ಇಳಿದ. ವೇಗ ಏರಿದಂತೆ ಗಾಡಿ ತಾನೇ ಮೇಲಿನ ಗೇರಿಗೆ ಹೋಗಿ, ಇಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬಿತ್ತು. ಡ್ರಮ್ಮಿನಿಂದ ಹೊಗೆ. ನಾಲ್ಕು ಚಕ್ರದ ಲೈನರ್ ಬದಲಿಸಿದೆ. ಮುಂದಿನ ತಿಂಗಳು ಯಲ್ಲಾಪುರದ ಬಳಿ ನ್ಯೂಟ್ರಲ್‌ನಲ್ಲೇ ನಿಂತುಬಿಟ್ಟಿತು. ಗೇರು ಬದಲಿಸುವ ಗಾಳಿಯ ಲೈನಿನಲ್ಲಿ ನೀರು ಸೇರಿತ್ತು. ಎರಡು ದಿನದ ಬಾಡಿಗೆ, ಎಳೆದು ತಂದದ್ದು, ರಿಪೇರಿ ಎಲ್ಲ ಕೂಡಿ 40,000ಕ್ಕೆ ಕಡಿಮೆಯಿಲ್ಲ.

ಆಮೇಲೆ ಘಟ್ಟದ ಕಟ್ಟಳೆ ಮಾಡಿದೆ. ಇಳಿಜಾರು ಶುರುವಾಗುವ ಮೊದಲೇ ಮ್ಯಾನ್ಯುವಲ್ ಮೋಡ್ (ಗೇರು ಚಾಲಕನೇ ಆರಿಸುವುದು), ಗೇರು ಕೆಳಗೆ, ಇಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್. ದಿನಾ ಬೆಳಿಗ್ಗೆ ಏರ್ ಟ್ಯಾಂಕಿನ ನೀರು ಬಿಡಲೇಬೇಕು, ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಕಡೆಗೂ ಕಣ್ಣಿರಬೇಕು. ಏರುವಾಗ ಗೇರು ಮೇಲೆ ಕೆಳಗೆ ಅಲೆದಾಡದಂತೆ ಎಲ್ಲಿ ಹಿಡಿದು ನಿಲ್ಲಿಸಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮೂರು ತಿಂಗಳ ಡೀಸೆಲ್ ತಿಂದು ಸಿಕ್ಕ ವಿದ್ಯೆ.

ಡೀಸೆಲ್‌ನದೂ ಒಂದು ಪರೀಕ್ಷೆ ಮಾಡಿದೆ. ಲೋಡು ಹೆಚ್ಚುಕಡಿಮೆ ಒಂದೇ. ಹೊಸ ಹುಡುಗನೊಬ್ಬನಿಗೆ ಎರಡೂ ಗಾಡಿ ಕೊಟ್ಟೆ: ಮ್ಯಾನ್ಯುವಲ್‌ನಲ್ಲಿ ಲೀಟರಿಗೆ 3.6 ಕಿಲೋಮೀಟರ್, ಎಎಂಟಿಯಲ್ಲಿ 4ರ ಹತ್ತಿರ. ಇಪ್ಪತ್ತು ವರ್ಷದಿಂದ ಓಡಿಸುತ್ತಿರುವ ನನ್ನ ಹಿರಿಯ ಚಾಲಕನಿಗೆ ಎರಡರಲ್ಲೂ 4. ಅಂಥ ಕೈ ಈಗ ಸಂಬಳಕ್ಕೆ ಸಿಗುವುದಿಲ್ಲ. ಹುಡುಗರನ್ನೇ ನಂಬಿ ಗಾಡಿ ಓಡಿಸಬೇಕಾದವರು ಎಎಂಟಿ ತೆಗೆದುಕೊಳ್ಳಲಿ ಎಂದು ನಾನು ಹೇಳುವುದು ಇದಕ್ಕೇ.

ಆದರೆ ನವಲಗುಂದದ ಎರೆಮಣ್ಣಿಗೆ ಅದನ್ನು ಒಯ್ಯಬೇಡಿ. ಮಳೆಗಾಲದಲ್ಲಿ ಈರುಳ್ಳಿ ತುಂಬಲು ಹೊಲದ ದಾರಿಗೆ ಇಳಿಸಿದ್ದೆ, ಹೂತುಕೊಂಡಿತು. ಅರ್ಧ ಕ್ಲಚ್ ಒತ್ತಿ ಹಿಂದೆ ಮುಂದೆ ತೂಗಾಡಿಸಿ ಎಬ್ಬಿಸೋಣವೆಂದರೆ ಪೆಡಲೇ ಇಲ್ಲ, ಕ್ಲಚ್ ಕಾದ ಎಚ್ಚರಿಕೆ ದೀಪ ಹತ್ತಿತು. ಎರಡು ಟ್ರ್ಯಾಕ್ಟರ್ ಕಟ್ಟಿ ಎಳೆಸಿದೆವು. ಆ ಕಡೆಯ ಹತ್ತಿಗೂ ಈರುಳ್ಳಿಗೂ ಹಳೆಯ ಮ್ಯಾನ್ಯುವಲ್ ಗಾಡಿಯೇ ಹೋಗುತ್ತದೆ. ಒಳ್ಳೆಯ ಬೆಲೆಗೆ ಕೇಳಿದರೂ ಅದನ್ನು ಮಾರಿಲ್ಲ.