ಚಾಕೊಲೇಟ್ ಕೇಕಿನೊಳಗಿನ ಚೌಕಳಿ

ಹೊರಗಿನಿಂದ ನೋಡಿದರೆ ಸಾಮಾನ್ಯ ಚಾಕೊಲೇಟ್ ಕೇಕು. ಮೊದಲ ತುಂಡನ್ನು ಎಳೆದು ತೆಗೆದಾಗ ಮಾತ್ರ ಒಳಗಿನ ಕಂದು ಮತ್ತು ಕೆನೆ ಬಣ್ಣದ ಚೌಕಳಿ ಕಾಣಿಸುತ್ತದೆ. ಮನೆಯವರ ಹುಟ್ಟುಹಬ್ಬಗಳಿಗೆ ಇಂಥ ಕೇಕನ್ನು ಬೆಂಗಳೂರಿನ ನಮ್ಮ ಮನೆಯ ಪುಟ್ಟ ಓಟಿಜಿಯಲ್ಲೇ (ಮನೆಬಳಕೆಯ ವಿದ್ಯುತ್ ಓವನ್‌ನಲ್ಲೇ) ಮಾಡುತ್ತಾ ಬಂದಿದ್ದೇನೆ. ಕೇಕಿನ ನಡುವೆ ಗುಳಿ ತೋಡಿ ಬಣ್ಣದ ಮಿಠಾಯಿ ತುಂಬುವ ಪದ್ಧತಿಯೂ ಈಗ ಬಹಳ ಜನಪ್ರಿಯವಾಗಿದೆ. ಮಕ್ಕಳಿಗೆ ಅದು ಖುಷಿ ಕೊಡುವುದು ನಿಜವಾದರೂ, ನನ್ನ ಮಟ್ಟಿಗೆ ಅದು ಮಿಠಾಯಿ ಬಚ್ಚಿಡುವ ಉಪಾಯವೇ ಹೊರತು ಕೇಕಿನ ಕೆಲಸವಲ್ಲ. ಚೌಕಳಿಗೆ ಅಲಂಕಾರದ ಕೈಚಳಕ ಬೇಕಿಲ್ಲ, ಅಳತೆ ಮತ್ತು ಗಟ್ಟಿಯಾದ ಕೇಕು ಬೇಕು.

ಲೆಕ್ಕ ಸರಳವಾಗಿದೆ. 8 ಅಂಗುಲ ವ್ಯಾಸದ, ಒಂದೊಂದು ಅಂಗುಲ ದಪ್ಪದ ನಾಲ್ಕು ಕೇಕುಗಳು ಬೇಕು: ಎರಡು ಚಾಕೊಲೇಟಿನವು, ಎರಡು ವೆನಿಲ್ಲಾದವು. ಪ್ರತಿಯೊಂದನ್ನೂ 6, 4 ಮತ್ತು 2 ಅಂಗುಲದ ವೃತ್ತಗಳಲ್ಲಿ ಕತ್ತರಿಸಿದರೆ ಮೂರು ಬಳೆಗಳೂ ನಡುವೆ ಒಂದು ಬಿಲ್ಲೆಯೂ ಸಿಗುತ್ತವೆ. ಬಳೆಗಳನ್ನು ಅದಲುಬದಲು ಮಾಡಿ, ಒಂದು ಪದರದಲ್ಲಿ ಹೊರಗಿನಿಂದ ಕಂದು, ಬಿಳಿ, ಕಂದು, ಬಿಳಿ ಎಂದೂ, ಅದರ ಮೇಲಿನ ಪದರದಲ್ಲಿ ಬಿಳಿ, ಕಂದು, ಬಿಳಿ, ಕಂದು ಎಂದೂ ಜೋಡಿಸಿದರೆ ಒಂದು ಚೂರೂ ವ್ಯರ್ಥವಾಗುವುದಿಲ್ಲ. ಬಳೆಯ ಅಗಲವೂ ಪದರದ ದಪ್ಪವೂ ಒಂದೇ ಆಗಿರುವುದರಿಂದ ಪ್ರತಿ ತುಂಡಿನಲ್ಲೂ ಸಾಲಿಗೆ ನಾಲ್ಕರಂತೆ 16 ಚೌಕಗಳು ಮೂಡುತ್ತವೆ. ಪದರ ತೆಳುವಾದರೆ ಚೌಕ ಆಯತವಾಗುತ್ತದೆ, ಅಷ್ಟೆ.

ಮೊಸರು ಮತ್ತು ಸೋಡಾ ಹಾಕಿ ಮಾಡುವ ಮೃದುವಾದ ಮೊಟ್ಟೆರಹಿತ ಕೇಕು ತಿನ್ನಲು ಬಲು ಚೆನ್ನ, ಆದರೆ ಬಳೆಯಾಗಿ ಎತ್ತಿದಾಗ ಕೈಯಲ್ಲೇ ಮುರಿಯುತ್ತದೆ. ಆದ್ದರಿಂದ ನಾನು ಬೆಣ್ಣೆ, ಸಕ್ಕರೆ, ಮೈದಾ ಮತ್ತು ಮೊಟ್ಟೆಗಳನ್ನು ಸಮತೂಕದಲ್ಲಿ ಬಳಸುವ ಹಳೆಯ ಕ್ರಮಕ್ಕೇ ಅಂಟಿಕೊಂಡಿದ್ದೇನೆ. ಎರಡು ವೆನಿಲ್ಲಾ ಪದರಗಳಿಗೆ ಉಪ್ಪಿಲ್ಲದ ಬೆಣ್ಣೆ 225 ಗ್ರಾಂ, ಪುಡಿ ಸಕ್ಕರೆ 225 ಗ್ರಾಂ, ಮೈದಾ 225 ಗ್ರಾಂ ಮತ್ತು ನಾಲ್ಕು ಮೊಟ್ಟೆಗಳು ಸಾಕು. ಚಾಕೊಲೇಟಿನ ಪದರಗಳಿಗೂ ಇದೇ ಪ್ರಮಾಣ. ಮೈದಾದಲ್ಲಿ 40 ಗ್ರಾಂ ತೆಗೆದು ಅಷ್ಟೇ ಕೋಕೋ ಪುಡಿ ಸೇರಿಸುತ್ತೇನೆ, ಕೋಕೋ ನೀರನ್ನು ಹೀರಿಕೊಳ್ಳುವುದರಿಂದ ಎರಡು ಮೂರು ದೊಡ್ಡ ಚಮಚ ಹಾಲನ್ನೂ ಹಾಕುತ್ತೇನೆ. ಎರಡೂ ಹಿಟ್ಟುಗಳು ಒಂದೇ ಹದಕ್ಕೆ ಬರಬೇಕು: ಚಮಚವನ್ನು ಎತ್ತಿ ಹಿಡಿದಾಗ ತಾನಾಗಿ ಹರಿಯದೆ, ಒಮ್ಮೆ ಕುಟ್ಟಿದಾಗ ಬೀಳಬೇಕು. ಹದ ಬೇರೆಯಾದರೆ ಉಬ್ಬುವ ಎತ್ತರವೂ ಬೇರೆಯಾಗಿ ಬಳೆಗಳು ಸಮವಾಗಿ ಕೂರುವುದಿಲ್ಲ. ಕ್ಷಾರದಿಂದ ಸಂಸ್ಕರಿಸಿದ ಡಚ್ ಕೋಕೋ ಸಾಮಾನ್ಯ ಕೋಕೋಗಿಂತ ಗಾಢ ಬಣ್ಣದ್ದು. ಚೌಕಳಿ ಎದ್ದು ಕಾಣಲು ಅದೇ ಮೇಲು, ಮತ್ತು ಅದರಲ್ಲಿ ಹುಳಿಯ ಅಂಶ ಕಡಿಮೆ ಇರುವುದರಿಂದ ಸೋಡಾದ ಬದಲು ಬೇಕಿಂಗ್ ಪೌಡರನ್ನೇ ಬಳಸಬೇಕು.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ತುಸು ಕಡಿಮೆಯಿರುವ ಕಾರಣ ಹಿಟ್ಟಿನೊಳಗಿನ ಗುಳ್ಳೆಗಳು ಹೆಚ್ಚು ಹಿಗ್ಗುತ್ತವೆ. ಆದ್ದರಿಂದ ಪುಸ್ತಕಗಳು ಎರಡು ಚಹಾ ಚಮಚ ಬೇಕಿಂಗ್ ಪೌಡರ್ ಹೇಳುವಲ್ಲಿ ನಾನು ಒಂದೂವರೆ ಚಮಚಕ್ಕೆ ನಿಲ್ಲಿಸುತ್ತೇನೆ. ಹೀಗೆ ಮಾಡಿದರೆ ನಡುವೆ ಗುಡ್ಡದಂತೆ ಏಳುವುದೂ ಕಡಿಮೆ. ಟಿನ್ನಿನ ಸುತ್ತ ಒದ್ದೆ ಬಟ್ಟೆಯ ಪಟ್ಟಿಯನ್ನು ಬಿಗಿದರೆ ಅಂಚು ಬೇಗನೆ ಗಟ್ಟಿಯಾಗದೆ ಕೇಕು ಇನ್ನಷ್ಟು ಮಟ್ಟಸವಾಗಿ ಬೇಯುತ್ತದೆ. 170 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಸಾಕು. ನಮ್ಮ ಓಟಿಜಿಯಲ್ಲಿ ಒಂದು ಸಲಕ್ಕೆ ಎರಡು ಟಿನ್ ಮಾತ್ರ ಹಿಡಿಯುವುದರಿಂದ, ಮೊದಲ ಜೋಡಿ ಹೊರಬರುವ ಹೊತ್ತಿಗೆ ಎರಡನೆಯ ಹಿಟ್ಟನ್ನು ಕಲಸುತ್ತೇನೆ. ಕಲಸಿಟ್ಟು ಕಾಯಿಸಿದರೆ ಅದರ ಉಬ್ಬು ಇಳಿದುಹೋಗುತ್ತದೆ.

ಬೆಂದ ಕೇಕುಗಳನ್ನು ಪೂರ್ತಿ ತಣಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡುವುದನ್ನು ನಾನು ಯಾವತ್ತೂ ಬಿಡುವುದಿಲ್ಲ. ಬೆಣ್ಣೆ ಗಟ್ಟಿಯಾದ ಮೇಲೆ ಚಾಕು ಇಳಿದಲ್ಲಿ ಪುಡಿ ಉದುರುವುದಿಲ್ಲ. ಬೇಯುವಾಗ ಕೇಕು ಟಿನ್ನಿನ ಅಂಚಿನಿಂದ ಒಂದಿಷ್ಟು ಸರಿದುಕೊಳ್ಳುವುದರಿಂದ ಅಳತೆಯನ್ನು ಟಿನ್ನಿನಿಂದಲ್ಲ, ತಣಿದ ಕೇಕಿನಿಂದಲೇ ತೆಗೆದುಕೊಳ್ಳಬೇಕು. ಮಗಳ ಜಾಮಿಟ್ರಿ ಬಾಕ್ಸಿನ ಕೈವಾರದಿಂದ ರಟ್ಟಿನ ಮೇಲೆ ಮೂರು ವೃತ್ತಗಳನ್ನು ಎಳೆದು ಕತ್ತರಿಸಿ, ಒಂದೊಂದನ್ನಾಗಿ ಕೇಕಿನ ನಟ್ಟನಡುವೆ ಇಟ್ಟು, ಸಣ್ಣ ಮೊನೆಚಾಕುವನ್ನು ನೆಟ್ಟಗೆ ಇಳಿಸಿ, ಎಳೆಯದೆ, ಮೇಲೆ ಕೆಳಗೆ ಆಡಿಸುತ್ತಾ ಸುತ್ತು ಹಾಕುತ್ತೇನೆ. ಚಾಕು ಓರೆಯಾದರೆ ಬಳೆಯ ಮೇಲ್ಭಾಗ ಅಗಲ, ಕೆಳಭಾಗ ಕಿರಿದಾಗಿ, ಚೌಕದ ಗೆರೆ ವಾಲುತ್ತದೆ. ಕತ್ತರಿಸಿದ ಕೂಡಲೇ ಒಣ ಕುಂಚದಿಂದ ಕಂದು ಪುಡಿಯನ್ನು ಗುಡಿಸಿಬಿಡಬೇಕು, ಇಲ್ಲದಿದ್ದರೆ ಬಿಳಿ ಬಳೆಯ ತುಂಬ ಕಲೆಯಾಗುತ್ತದೆ. ಜೋಡಿಸುವಾಗ ದೊಡ್ಡ ಬಳೆಯಿಂದ ಆರಂಭಿಸಿ, ಅದರ ಒಳಮೈಗೆ ಜಾಮನ್ನು ತೆಳ್ಳಗೆ ಸವರಿ ಮುಂದಿನದನ್ನು ಮೆಲ್ಲನೆ ಒತ್ತಿ ಕೂರಿಸುತ್ತೇನೆ. ಇಲ್ಲಿ ಕೈ ಧಾರಾಳವಾದರೆ ಚೌಕಗಳ ನಡುವೆ ಗೆರೆಗಳು ಕಾಣಿಸಿಕೊಳ್ಳುತ್ತವೆ. ಪದರಗಳ ನಡುವೆ ಸವರುವ ಗನಾಶಿಗೂ, ಅಂದರೆ ಚಾಕೊಲೇಟು ಮತ್ತು ಕ್ರೀಮಿನ ಮಿಶ್ರಣಕ್ಕೂ, ಇದೇ ಮಾತು.

ಹೊರಗಿನ ಲೇಪಕ್ಕೆ ಕಾಂಪೌಂಡ್ ಚಾಕೊಲೇಟ್ ಅಗ್ಗವೇನೋ ಹೌದು. ಆದರೆ ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ನಾಲಗೆಯ ಮೇಲೆ ಮೇಣದಂತೆ ಉಳಿಯುತ್ತದೆ. ಇಷ್ಟು ಶ್ರಮಪಟ್ಟು ಅಲ್ಲಿ ಉಳಿತಾಯ ಮಾಡುವುದು ನನಗೆ ಸರಿಯೆನಿಸುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಚಾಕೊಲೇಟು ಮತ್ತು ಕ್ರೀಮು ಸಮ ತೂಕದಲ್ಲಿದ್ದರೂ ಗನಾಶ್ ನಿಲ್ಲುತ್ತದೆ. ಏಪ್ರಿಲಿನಲ್ಲಿ ಚಾಕೊಲೇಟು ಕ್ರೀಮಿನ ಎರಡರಷ್ಟು ಇರಲೇಬೇಕು.

ಚೌಕಳಿ ನೇರವಾಗಿ ಕಾಣುವುದು ಚಾಕು ಕೇಂದ್ರದ ಮೂಲಕ ಹಾದಾಗ ಮಾತ್ರ. ನಮ್ಮಲ್ಲಿ ಹುಟ್ಟುಹಬ್ಬದವರು ಅಂಚಿನಿಂದ ಒಂದು ಚೂರು ಕೊಯ್ದು ಎಲ್ಲರ ಬಾಯಿಗೆ ಇಡುವ ರೂಢಿಯಿದೆ. ಆ ಕೊಯ್ತದಲ್ಲಿ ಬಳೆಗಳು ಉದ್ದುದ್ದ ಪಟ್ಟಿಗಳಾಗಿ ಕಾಣುತ್ತವೆ, ಗುಟ್ಟೂ ಅರ್ಧ ಬಯಲಾಗುತ್ತದೆ. ಅದಕ್ಕೇ ಕೇಕಿನ ನಟ್ಟನಡುವೆ ಒಂದು ಚೆರ್ರಿ ಇಟ್ಟು, "ಚೆರ್ರಿಯಿಂದ ಅಂಚಿನವರೆಗೆ ಕೊಯ್ಯಿ, ಪುಟ್ಟಿ" ಎಂದು ಮೊದಲೇ ಹೇಳಿಡುತ್ತೇನೆ. ಬೆಣ್ಣೆಯ ಕೇಕು ತಣ್ಣಗಿದ್ದಾಗ ಒರಟಾಗಿರುವುದರಿಂದ ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಬೇಕು, ಮತ್ತು ಪ್ರತಿ ಕೊಯ್ತಕ್ಕೂ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಬೇಕು.