ಮೊದಲ ವೈಟ್‌ವಾಟರ್ ಕಯಾಕ್: ಬಣ್ಣ ಆಮೇಲೆ, ಮೊದಲು ಕೂತು ನೋಡಿ

ವೈಟ್‌ವಾಟರ್ ಅಂದರೆ ಬಂಡೆಗಳ ನಡುವೆ ನೊರೆಯೆದ್ದು ರಭಸದಿಂದ ಹರಿಯುವ ಹೊಳೆನೀರು. ಅದರಲ್ಲಿ ಓಡಿಸಲು ಹೊಸಬರು ಕಯಾಕ್ ಅನ್ನುವ ಕಿರುದೋಣಿ ಕೊಳ್ಳುವುದನ್ನು ಬಹಳ ಸಲ ನೋಡಿದ್ದೇನೆ. ದೋಣಿಯ ಸುತ್ತ ಎರಡು ಸುತ್ತು ಬರುತ್ತಾರೆ. ಬೆರಳ ಗಂಟಿನಿಂದ ತಟ್ಟುತ್ತಾರೆ. ಬಣ್ಣ ಹಿಡಿಸುತ್ತದೆ, ದುಡ್ಡು ಕೊಟ್ಟು ಹೊತ್ತುಕೊಂಡು ಹೋಗುತ್ತಾರೆ. ಒಳಗೆ ಕೂತು ನೋಡುವವರು ಕಡಿಮೆ, ಕೂತರೂ ಅರ್ಧ ನಿಮಿಷ. ಆಮೇಲೆ ರಭಸದ ನೀರಿಗೆ ಇಳಿದಾಗ ಸೊಂಟ ಒಂದು ಕಡೆ ವಾಲುತ್ತದೆ, ದೋಣಿ ಇನ್ನೊಂದು ಕಡೆ ಹೋಗುತ್ತದೆ. ತಪ್ಪು ತನ್ನದೇ ಅಂದುಕೊಂಡು ಎಷ್ಟೋ ಜನ ಕಲಿಯುವುದನ್ನೇ ಬಿಟ್ಟಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಎರವಲು ದೋಣಿ

ಕೊಳ್ಳುವ ಮುಂಚೆ ನಾಲ್ಕೈದು ದಿನವಾದರೂ ಬೇರೆಯವರ ದೋಣಿಯಲ್ಲಿ ಕಲಿಯಿರಿ. ಮಗುಚಿದ ದೋಣಿಯಿಂದ ಹೊರಬರುವುದು ಗೊತ್ತಾಗುವ ತನಕ ದುಡ್ಡು ತೆಗೆಯಬೇಡಿ.

ಹೆಜ್ಜೆ 2: ಯಾವ ಬಗೆಯ ದೋಣಿ?

ಕೆರೆಯಲ್ಲಿ ಓಡಾಡುವ ಕಯಾಕ್ ಬೇರೆ, ವೈಟ್‌ವಾಟರ್ ಕಯಾಕ್ ಬೇರೆ. ಕೆರೆಯ ದೋಣಿಗೆ ಬಾಯಿ ದೊಡ್ಡದು, ಒಳಗೆ ತೊಡೆಗೆ ಹಿಡಿತ ಇರುವುದಿಲ್ಲ. ಮಗುಚಿದರೆ ನೀರು ತುಂಬಿ ಭಾರದ ತೊಟ್ಟಿಯಾಗುತ್ತದೆ. ಕಡಿಮೆಗೆ ಸಿಕ್ಕಿತು ಅಂತ ಅದನ್ನು ರಭಸದ ನೀರಿಗೆ ಇಳಿಸಬೇಡಿ.

ವೈಟ್‌ವಾಟರ್ ದೋಣಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಪ್ಲೇಬೋಟ್ ಗಿಡ್ಡ, ಅಲೆಯ ಮೇಲೆ ಕಸರತ್ತು ಮಾಡುವುದಕ್ಕೆ. ಕ್ರೀಕ್ ಬೋಟ್ ದಪ್ಪ, ಕಡಿದಾದ ಹೊಳೆಗಳಿಗೆ. ಇವೆರಡರ ನಡುವಿನದು ರಿವರ್ ರನ್ನರ್. ಕಲಿಯುವವರಿಗೆ ನಾನು ಹೇಳುವುದು ರಿವರ್ ರನ್ನರ್ ಮಾತ್ರ. ಉದ್ದ ಸುಮಾರು ಎಂಟರಿಂದ ಒಂಬತ್ತು ಅಡಿ, ತೂಕ 20 ಕಿಲೋ ಆಸುಪಾಸು. ಕ್ರೀಕ್ ಬೋಟ್ ನಮ್ಮ ತಪ್ಪುಗಳನ್ನು ಕ್ಷಮಿಸುವುದು ಜಾಸ್ತಿ, ನಿಜ. ಆದರೆ ಅದರಲ್ಲೇ ಕಲಿತರೆ ದೋಣಿಯ ಅಂಚು ವಾಲಿಸುವ ಅಭ್ಯಾಸ ತಡವಾಗಿ ಬರುತ್ತದೆ. ಪ್ಲೇಬೋಟ್‌ನಲ್ಲಿ ಶುರು ಮಾಡಿದರೆ ಅರ್ಧ ದಿನ ತಲೆಕೆಳಗಾಗಿಯೇ ಕಳೆಯುತ್ತದೆ.

ಪ್ರತಿ ಮಾದರಿಗೂ ಇಷ್ಟರಿಂದ ಇಷ್ಟು ತೂಕದವರಿಗೆ ಅಂತ ತಯಾರಕರು ಕೊಟ್ಟಿರುತ್ತಾರೆ. ನಿಮ್ಮ ತೂಕಕ್ಕೆ ಒದ್ದೆ ಬಟ್ಟೆ, ತೇಲಿಸುವ ಜಾಕೆಟ್, ಹೆಲ್ಮೆಟ್ ಅಂತ ಐದಾರು ಕಿಲೋ ಸೇರಿಸಿ. ಆ ಲೆಕ್ಕ ಅವರು ಕೊಟ್ಟ ಮಿತಿಯ ಮಧ್ಯಕ್ಕೆ ಬರಬೇಕು. ಕೆಳತುದಿಗೆ ಬಂದರೆ ದೋಣಿ ದೊಡ್ಡದಾಯಿತು ಅಂತ ಅರ್ಥ. ಬೆಳೆಯುವ ಮಗುವಿಗೆ ದೊಡ್ಡ ಅಂಗಿ ತಂದ ಹಾಗೆ ದೊಡ್ಡ ದೋಣಿ ತರುವವರಿದ್ದಾರೆ. ಅಂಥ ದೋಣಿಯನ್ನು ತಿರುಗಿಸಲೂ ಕಷ್ಟ, ಎಬ್ಬಿಸಲೂ ಕಷ್ಟ.

ಹೆಜ್ಜೆ 3: ಹಳೆಯದಾದರೆ ಹೊಟ್ಟೆ ಮುಟ್ಟಿ ನೋಡಿ

ಮೊದಲ ದೋಣಿ ಹಳೆಯದೇ ಇರಲಿ. ಹೇಗಿದ್ದರೂ ಬಂಡೆಗೆ ಉಜ್ಜುತ್ತೀರಿ. ಈ ದೋಣಿಗಳು ಹೆಚ್ಚಾಗಿ ಪಾಲಿಎಥಿಲೀನ್ ಪ್ಲಾಸ್ಟಿಕ್‌ನವು, ಗೀರುಗಳಿಗೆ ಹೆದರಬೇಕಿಲ್ಲ. ಆದರೆ ಸೀಟಿನ ಕೆಳಗೆ, ನೆಲಕ್ಕೆ ಜಾಸ್ತಿ ಉಜ್ಜುವ ಜಾಗದಲ್ಲಿ ಹೆಬ್ಬೆರಳು ಒತ್ತಿ. ಮೆತ್ತಗೆ ಒಳಗೆ ಹೋದರೆ ಪ್ಲಾಸ್ಟಿಕ್ ತೆಳುವಾಗಿದೆ. ಸೀಟಿನ ಬೋಲ್ಟ್‌ಗಳ ಸುತ್ತ ಬಿರುಕು ಹುಡುಕಿ. ಬಣ್ಣ ಮಾಸಿ ಬೂದಿ ಹಿಡಿದ ಹಾಗಿದ್ದರೆ ಅದು ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿದ್ದ ದೋಣಿ, ಬೇಡ. ಕೊನೆಗೆ ಒಳಗೆ ಎರಡು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಡಿ. ಹೊರಗೆ ಒದ್ದೆ ಕಂಡರೆ ವಾಪಸ್. ಬಿರುಕನ್ನು ಬೆಸುಗೆ ಹಾಕಿಸಿದ್ದೇನೆ, ಈಗ ಗಟ್ಟಿ ಇದೆ ಅನ್ನುವ ಮಾತನ್ನು ಮೊದಲ ದೋಣಿಯ ಮಟ್ಟಿಗೆ ನಂಬಬೇಡಿ.

ಹೆಜ್ಜೆ 4: ದೋಣಿಯನ್ನು ಮೈಗೆ ಹೊಂದಿಸುವುದು

ಎಲ್ಲರೂ ಹಾರಿಸುವ ಹೆಜ್ಜೆ ಇದು. ಅಂಗಡಿಯಿಂದ ತಂದ ದೋಣಿ ಅಳತೆ ಕೊಡದೆ ಹೊಲಿಸಿದ ಅಂಗಿಯಂತೆ. ನಿಮ್ಮ ಮೈಗೆ ಕೂರಿಸಿಕೊಳ್ಳುವ ಕೆಲಸ ನಿಮ್ಮದೇ. ಒಂದು ಇಡೀ ಮಧ್ಯಾಹ್ನ ಬೇಕು. ಹೊಳೆಗೆ ಹೋಗುವಾಗ ಹಾಕುವ ಬಟ್ಟೆ, ಶೂ ಹಾಕಿಕೊಂಡೇ ಕೂರಿ. ಚಡ್ಡಿಯಲ್ಲಿ ಕೂತು ಅಳತೆ ಮಾಡಿ, ಆಮೇಲೆ ವೆಟ್‌ಸೂಟ್ ಹಾಕಿದಾಗ ಸೊಂಟವೇ ಇಳಿಯದೆ ಒದ್ದಾಡಿದವರನ್ನು ಕಂಡಿದ್ದೇನೆ.

ಮೊದಲು ಸೀಟು. ನಿಂತ ನೀರಿನಲ್ಲಿ ತೇಲುತ್ತಾ ಕೂರಿ, ಗೆಳೆಯರೊಬ್ಬರು ಪಕ್ಕದಿಂದ ನೋಡಲಿ. ಮೂತಿ ಎದ್ದಿದ್ದರೆ ಸೀಟನ್ನು ಮುಂದಕ್ಕೆ, ಬಾಲ ಎದ್ದಿದ್ದರೆ ಹಿಂದಕ್ಕೆ ಸರಿಸಿ. ಒಂದೇ ಇಂಚು ಸರಿದರೂ ವ್ಯತ್ಯಾಸ ಕಾಣುತ್ತದೆ.

ಆಮೇಲೆ ಪಾದ. ಎದುರಿಗೆ ಫೋಮ್ ಹೊದಿಸಿದ ತಟ್ಟೆ ಇರುತ್ತದೆ, ಬಲ್ಕ್‌ಹೆಡ್ ಅನ್ನುತ್ತಾರೆ. ಹಿಮ್ಮಡಿ ಒಳಗೆ, ಬೆರಳು ಹೊರಗೆ ಮಾಡಿ ಕೂತಾಗ ಪಾದದ ಮುಂಭಾಗ ಅದಕ್ಕೆ ಹಗುರವಾಗಿ ತಾಗಬೇಕು. ಒತ್ತಿದರೆ ಬೆನ್ನು ಹಿಂದಿನ ಪಟ್ಟಿಗೆ ತಗಲಬೇಕು. ನಡುವೆ ಜಾಗ ಬಿಟ್ಟರೆ ದೋಣಿ ಮೂತಿಯಿಂದ ಬಂಡೆಗೆ ಗುದ್ದಿದಾಗ ಮೈ ಮುಂದೆ ಜಾರುತ್ತದೆ, ಕಾಲು ಸಿಕ್ಕಿಕೊಳ್ಳುವ ಅಪಾಯ ಇರುತ್ತದೆ. ತಟ್ಟೆಯ ಬದಲು ಎರಡು ಪಕ್ಕದಲ್ಲಿ ಸಣ್ಣ ಗೂಟಗಳಷ್ಟೇ ಇರುವ ಹಳೆಯ ದೋಣಿ ಸಿಕ್ಕರೆ ಕೊಳ್ಳಬೇಡಿ. ಪಾದ ಅದನ್ನು ದಾಟಿ ಆಚೆ ಹೋಗಬಹುದು.

ಮೂರನೆಯದು ತೊಡೆ. ಬಾಯಿಯ ಎರಡೂ ಕಡೆ ಕೊಕ್ಕೆಯಂತೆ ಬಾಗಿದ ಥೈ ಬ್ರೇಸ್ ಇರುತ್ತವೆ. ಮಂಡಿಗಿಂತ ಸ್ವಲ್ಪ ಮೇಲೆ ತೊಡೆಯನ್ನು ಅವು ಅಪ್ಪಿ ಹಿಡಿಯಬೇಕು. ಬಲ ಮಂಡಿ ಎತ್ತಿ ನೋಡಿ, ದೋಣಿ ಆ ಕ್ಷಣವೇ ಎಡಕ್ಕೆ ವಾಲಬೇಕು. ಕಾಲು ಸಡಿಲ ಬಿಟ್ಟರೆ ಸಲೀಸಾಗಿ ಹೊರಗೆ ಬರಬೇಕು. ಎರಡೂ ಬೇಕೇ ಬೇಕು.

ಒಮ್ಮೆ ಒಬ್ಬ ಹುಡುಗನ ಪಕ್ಕ ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ. ಎರವಲು ದೋಣಿಯಲ್ಲಿ ಚೆನ್ನಾಗಿ ರೋಲ್ ಮಾಡಿ, ಅಂದರೆ ಮಗುಚಿದ ದೋಣಿಯನ್ನು ಒಳಗೆ ಕೂತೇ ಹೊರಳಿಸಿ, ಏಳುತ್ತಿದ್ದವನು ತನ್ನ ಹೊಸ ದೋಣಿಯಲ್ಲಿ ಆರು ಸಲ ಮಗುಚಿದ, ಆರು ಸಲವೂ ಎದ್ದುಬರಲಿಲ್ಲ. ಮುಖ ಸಪ್ಪೆಯಾಗಿತ್ತು. ದಡಕ್ಕೆ ತಂದು ದೋಣಿಯಲ್ಲೇ ಕೂರಿಸಿ, ಸೊಂಟ ಹೊರಳಿಸು ಅಂದೆ. ಸ್ಕರ್ಟ್, ಅಂದರೆ ನೀರು ಒಳಬರದಂತೆ ಸೊಂಟದಿಂದ ದೋಣಿಯ ಬಾಯಿಯ ತನಕ ಮುಚ್ಚುವ ಹೊದಿಕೆ, ತೆಗೆದಿದ್ದರಿಂದ ಒಳಗೆ ಕಾಣುತ್ತಿತ್ತು: ಪ್ರತಿ ಸಲವೂ ಬಲ ಮಂಡಿ ಬ್ರೇಸಿನಿಂದ ಜಾರಿ ಮಧ್ಯಕ್ಕೆ ಬೀಳುತ್ತಿತ್ತು. ಹೆಬ್ಬೆರಳು ದಪ್ಪದ ಎರಡು ಫೋಮ್ ತುಂಡು ಸೇರಿಸಿದೆವು. ಮಾರನೇ ದಿನ ಮೊದಲ ಸಲವೇ ಎದ್ದ. ಹುಟ್ಟು ಹಾಕುವ ರೀತಿ ಒಂದಿಷ್ಟೂ ಬದಲಾಗಿರಲಿಲ್ಲ.

ಸೊಂಟದ ಎರಡು ಬದಿಗೆ ಹಿಪ್ ಪ್ಯಾಡ್. ಸೊಂಟಕ್ಕೂ ಪ್ಯಾಡಿಗೂ ನಡುವೆ ಬೆರಳ ತುದಿ ತೂರಬೇಕು, ಇಡೀ ಅಂಗೈ ತೂರಬಾರದು. ತೆಳು ಹಾಳೆಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ, ಜಾಸ್ತಿಯಾದರೆ ಉಪ್ಪುಕಾಗದದಲ್ಲಿ ಉಜ್ಜಿ. ಫೋಮ್ ಅಂದರೆ ಯಾವುದೋ ಫೋಮ್ ಅಲ್ಲ. ಹಾಸಿಗೆಯ ಸ್ಪಂಜು ನೀರು ಕುಡಿದು ಕೊಳೆಯುತ್ತದೆ. ಬಕೆಟ್ ನೀರಿನಲ್ಲಿ ಒಂದು ತುಂಡು ಹಿಂಡಿ ಬಿಡಿ, ಎತ್ತಿದಾಗ ಭಾರವಾಗಿದ್ದರೆ ಅದು ಬೇಡ. ನೀರು ಹೀರದ ಗಟ್ಟಿ ಫೋಮ್ ಬೇಕು. ಅಂಟು ಹಚ್ಚುವಾಗ ಎರಡೂ ಮೈಗೆ ಹಚ್ಚಿ, ಹಸಿ ಆರಿ ಬೆರಳಿಗೆ ಬರೀ ಜಿಗುಟು ಅನ್ನಿಸುವ ತನಕ ಕಾಯಿರಿ. ಸುಮಾರು ಕಾಲು ಗಂಟೆ. ಆಮೇಲೆ ಒತ್ತಿ. ಅವಸರ ಮಾಡಿ ಹಸಿಯಲ್ಲೇ ಅಂಟಿಸಿದ್ದು ಮೊದಲ ದಿನವೇ ಕಿತ್ತು ತೇಲಿ ಹೋಗುತ್ತದೆ.

ಬೆನ್ನಿನ ಪಟ್ಟಿ ಕೊನೆಗೆ. ಅದು ಸೊಂಟದ ಹಿಂದೆ ತಗ್ಗಿನಲ್ಲಿ ಕೂರಬೇಕು, ಒರಗಿಕೊಳ್ಳುವುದಕ್ಕೆ ಇರುವುದಲ್ಲ. ಹೆಚ್ಚಿನವರು ಇದನ್ನೇ ಬಿಗಿದು ಬಿಗಿದು ಉಳಿದೆಲ್ಲ ಸಡಿಲವನ್ನು ಮುಚ್ಚಲು ನೋಡುತ್ತಾರೆ. ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಜೋಮು ಹಿಡಿದರೆ ಪಟ್ಟಿ ಬಿಗಿಯುವ ಹಲ್ಲುಪಟ್ಟಿಯನ್ನು ಎರಡು ಹಲ್ಲು ಸಡಿಲಿಸಿ, ತೊಡೆಯ ಕೆಳಗೆ ಒಂದು ತುಂಡು ಫೋಮ್ ಇಟ್ಟು ನೋಡಿ.

ಇಷ್ಟಾದ ಮೇಲೆ ಮನೆಯ ನೆಲದ ಮೇಲೇ ಅರ್ಧ ಗಂಟೆ ಕೂರಿ. ನೋವು, ಜೋಮು ಇಲ್ಲ ಅಂತಾದರೆ ಎದೆಮಟ್ಟದ ನಿಂತ ನೀರಿಗೆ ಹೋಗಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಮಗುಚಿ ಹೊರಬನ್ನಿ. ಮೊದಲು ಸ್ಕರ್ಟ್ ಇಲ್ಲದೆ, ಆಮೇಲೆ ಸ್ಕರ್ಟ್ ಹಾಕಿ. ಒಂದು ಸಲ ತಡವರಿಸಿದರೂ ಫೋಮ್ ಕಡಿಮೆ ಮಾಡಿ.

ಬಾಲದ ಒಳಗೆ ಗಾಳಿಚೀಲ ತುಂಬಿಸಿಡಿ. ಲೀಟರ್ ನೀರು ಒಂದು ಕಿಲೋ. 250 ಲೀಟರ್ ದೋಣಿಗೆ ಅರ್ಧ ನೀರು ತುಂಬಿದರೂ 125 ಕಿಲೋ ಭಾರ ಹೊಳೆಯಲ್ಲಿ ಓಡುತ್ತಿರುತ್ತದೆ, ಅದನ್ನು ಯಾರು ಎಳೆಯುತ್ತಾರೆ?

ಹೆಜ್ಜೆ 5: ಸ್ಪ್ರೇ ಸ್ಕರ್ಟ್

ಇದಕ್ಕೆ ಎರಡು ಅಳತೆ: ನಿಮ್ಮ ಸೊಂಟ, ದೋಣಿಯ ಬಾಯಿ. ನಿಯೋಪ್ರೀನ್ ಅನ್ನುವ ರಬ್ಬರ್ ಬಟ್ಟೆಯದೇ ಇರಲಿ, ಅಂಚು ರಬ್ಬರ್ ಹಗ್ಗದ್ದಿರಲಿ. ಗಟ್ಟಿ ರಬ್ಬರ್ ಅಂಚಿನದು ಹೊಸಬರಿಗೆ ಬಿಚ್ಚಲು ಕಷ್ಟ. ಮುಂದಿನ ಎಳೆಪಟ್ಟಿ ಯಾವಾಗಲೂ ಹೊರಗೇ ಇರಬೇಕು. ಹೊರಡುವ ಮುಂಚೆ ಪ್ರತಿ ಸಲವೂ ಮುಟ್ಟಿ ನೋಡಿ. ಪಟ್ಟಿ ಒಳಗೆ ಮಡಚಿ ಹೋಗಿದ್ದರೆ ತಲೆಕೆಳಗಾದಾಗ ಕೈಗೆ ಏನೂ ಸಿಗುವುದಿಲ್ಲ.

ಹೆಜ್ಜೆ 6: ಜಾಕೆಟ್, ಹೆಲ್ಮೆಟ್

ದೋಣಿ ಹಳೆಯದಿರಲಿ, ಇವೆರಡು ಹೊಸದೇ ಇರಲಿ. ಗಾಳಿ ಊದಿ ಉಬ್ಬಿಸುವ ಜಾಕೆಟ್ ಬೇಡ, ಫೋಮ್‌ನದು ತೆಗೆದುಕೊಳ್ಳಿ. ಬಿಗಿದ ಮೇಲೆ ಯಾರಾದರೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಕಿವಿಯ ತನಕ ಎದ್ದುಬಂದರೆ ಅಳತೆ ಸರಿಯಿಲ್ಲ. ಹಗ್ಗ ಕಟ್ಟಿ ಎಳೆಯುವ ಬೆಲ್ಟ್ ಇರುವ ರೆಸ್ಕ್ಯೂ ಜಾಕೆಟ್ ಚೆಂದ ಕಾಣುತ್ತದೆ, ಆದರೆ ತರಬೇತಿ ಇಲ್ಲದವರಿಗೆ ಆ ಬೆಲ್ಟೇ ಅಪಾಯ. ಜಾಕೆಟ್ಟನ್ನು ದಡದಲ್ಲಿ ಕೂರುವ ಮೆತ್ತೆ ಮಾಡಿಕೊಳ್ಳಬೇಡಿ, ಫೋಮ್ ಕುಗ್ಗಿ ತೇಲಿಸುವ ಶಕ್ತಿ ಇಳಿಯುತ್ತದೆ.

ಹೆಲ್ಮೆಟ್ ಮೇಲೆ ಇಎನ್ 1385 ಅಂತ ಬರೆದಿದೆಯಾ ನೋಡಿ, ಅದು ಈ ಆಟಕ್ಕೇ ಇರುವ ಯುರೋಪಿನ ಮಾನದಂಡ. ಸೈಕಲ್ ಹೆಲ್ಮೆಟ್ ಸಾಲದು. ಪಟ್ಟಿ ಬಿಗಿದು ಮುಂದಿನ ಅಂಚನ್ನು ಅಂಗೈಯಿಂದ ಮೇಲಕ್ಕೆ ತಳ್ಳಿ. ಹಣೆ ಕಂಡರೆ ಬೇರೆಯದು ಹುಡುಕಿ. ಬಂಡೆಗೆ ಮೊದಲು ತಗಲುವುದು ಹಣೆಯೇ ಅಲ್ವಾ?

ಹೆಜ್ಜೆ 7: ಹುಟ್ಟು

ಹೆಚ್ಚಿನವರಿಗೆ 191ರಿಂದ 200 ಸೆಂಟಿಮೀಟರ್ ಸಾಕು. ಕೆರೆಯ ಕಯಾಕಿನ 220, 230ರ ಉದ್ದನೆಯ ಹುಟ್ಟು ಇಲ್ಲಿ ನಡೆಯುವುದಿಲ್ಲ. ಎರಡು ಎಲೆಗಳ ನಡುವಿನ ತಿರುವು 30 ಡಿಗ್ರಿ ಇರಲಿ, ಹಿಡಿ ನೇರವಾಗಿರಲಿ, ಫೈಬರ್‌ಗ್ಲಾಸ್ ಸಾಕು. ಕಾರ್ಬನ್ ಆಮೇಲೆ ನೋಡೋಣ.

ಹೆಜ್ಜೆ 8: ಉಳಿದದ್ದು

ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈ ಬಿಸಿ ಎಳೆದುಬಿಡುತ್ತದೆ. ಹೊರಗಿನ ಬಿಸಿಲು ನೋಡದೆ ನೀರಿಗೆ ಕೈ ಅದ್ದಿ ನೋಡಿ ಬಟ್ಟೆ ಹಾಕಿ. ಶೂ ಮುಚ್ಚಿದ್ದಿರಲಿ, ಪಟ್ಟಿಯ ಸ್ಯಾಂಡಲ್ ಒಳಗೆ ಸಿಕ್ಕಿಕೊಳ್ಳುತ್ತದೆ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿ. 15ರಿಂದ 20 ಮೀಟರ್ ತೇಲುವ ಹಗ್ಗ ಇರುವ ಥ್ರೋ ಬ್ಯಾಗ್ ಕೊಳ್ಳಿ, ಕೊಂಡು ಸುಮ್ನೆ ಇಡಬೇಡಿ. ಬಯಲಲ್ಲಿ ಇಪ್ಪತ್ತು ಸಲ ಎಸೆದು ಅಭ್ಯಾಸ ಮಾಡಿ.

ಮೊದಲ ಎರಡು ಮೂರು ಸಲ ಹೋಗಿ ಬಂದ ಮೇಲೆ ಫೋಮ್ ಕುಗ್ಗಿರುತ್ತದೆ, ಸೀಟಿನ ಬೋಲ್ಟ್ ಸಡಿಲವಾಗಿರುತ್ತದೆ. ದೋಣಿ ಒಣಗಿದ ಮೇಲೆ ಮತ್ತೊಮ್ಮೆ ಕೂತು, ಬಲ ಮಂಡಿ ಎತ್ತಿ ನೋಡಿ. ದೋಣಿ ತಡವಾಗಿ ವಾಲಿದರೆ ಇನ್ನೊಂದು ತೆಳು ಹಾಳೆ ಅಂಟಿಸಿ.