ಎರಡು ಕ್ಲಾಸ್ ಬೆರೆಸಿದರೆ ಪೆಟ್ಟು ಜಾಸ್ತಿಯಾಗುತ್ತದಾ? ಲೆಕ್ಕ ಹಾಕುವುದು ಹೀಗೆ

"ಅಣ್ಣಾ, ಎಂತ ಇದು? ನನಗೆ ಎರಡು ಕ್ಲಾಸ್ ಉಂಟು, ಅವನಿಗೆ ಒಂದೇ. ಆದ್ರೂ ಅವನ ಪೆಟ್ಟೇ ಜಾಸ್ತಿ!"

ಮಂಗಳೂರಿನ ಬಿಜೈಯಲ್ಲಿ ನಾವು ಕೆಲವರು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ಕತೆಯ ಆಟ. ಪಾತ್ರದ ಕಸುಬಿಗೆ ಕ್ಲಾಸ್ ಎನ್ನುತ್ತಾರೆ. ಅಲ್ಲಿಗೆ ಹೊಸದಾಗಿ ಬಂದ ಹುಡುಗನ ತಕರಾರು ಇದು. ಅವನ ಪಾತ್ರ ಐದನೇ ಲೆವೆಲ್‌ನಲ್ಲಿತ್ತು. ಮೂರು ಲೆವೆಲ್ ಫೈಟರ್ (ಯೋಧ), ಎರಡು ಲೆವೆಲ್ ರೋಗ್ (ಹೊಂಚಿ ಹೊಡೆಯುವ ಕಳ್ಳ). ಪಕ್ಕದಲ್ಲಿ ಕೂತವನದು ಸಾದಾ ಫೈಟರ್. ಹುಡುಗನಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಫೈಟರ್ ಮತ್ತು ರೋಗ್ ಒಳ್ಳೆಯ ಜೋಡಿ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಯಾವ ಲೆವೆಲ್‌ನಲ್ಲಿ, ಯಾವ ಕ್ರಮದಲ್ಲಿ ಬೆರೆಸಬೇಕು ಎಂದು ಯಾರೂ ಹೇಳುವುದಿಲ್ಲ. ಪೆಟ್ಟಿನ ಲೆಕ್ಕದಲ್ಲಿ ಮುಖ್ಯವಾದದ್ದೇ ಅದು.

ಕೂಡಿಸುವುದು, ಗುಣಿಸುವುದು, ಶೇಕಡಾ ತೆಗೆಯುವುದು ಗೊತ್ತಿದ್ದರೆ ಸಾಕು. ಮಳೆ ಬಿಡದ ಒಂದು ಮಧ್ಯಾಹ್ನ, ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್.

ಹೆಜ್ಜೆ 1: ಯಾವ ಪುಸ್ತಕ, ಯಾವ ಲೆವೆಲ್?

ಈ ಆಟ ಅಮೆರಿಕದಲ್ಲಿ 1974ರಲ್ಲಿ ಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಈಗ ಹೆಚ್ಚಿನವರ ಕೈಯಲ್ಲಿರುವುದು 2014ರ ಐದನೇ ಆವೃತ್ತಿ, ಇಲ್ಲವೇ 2024ರಲ್ಲಿ ತಿದ್ದಿದ ನಿಯಮ. ಎರಡರಲ್ಲೂ ಲೆಕ್ಕದ ದಾರಿ ಒಂದೇ, ಅಂಕಿ ಮಾತ್ರ ಕೆಲವು ಕಡೆ ಬೇರೆ. ಇಲ್ಲಿ 2014ರದ್ದನ್ನೇ ಹಿಡಿಯುತ್ತೇನೆ. ಅದರ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತವೆ. ಪುಸ್ತಕ ಕೊಳ್ಳದೆಯೂ ಲೆಕ್ಕ ಹಾಕಬಹುದು.

ಆಮೇಲೆ ಕತೆ ನಡೆಸುವವರ, ಅಂದರೆ ಡಿಎಂ ಹತ್ತಿರ ಒಂದು ಮಾತು ಕೇಳಿ: ಈ ಕತೆ ಎಷ್ಟನೇ ಲೆವೆಲ್‌ವರೆಗೆ ಹೋಗುತ್ತದೆ? ಎಂಟಕ್ಕೆ ಮುಗಿಯುವ ಕತೆಗೆ ಇಪ್ಪತ್ತನೇ ಲೆವೆಲ್‌ನ ಪಾತ್ರ ಬರೆದಿಟ್ಟುಕೊಂಡು ಏನು ಪ್ರಯೋಜನ? ಹಾಗೆಯೇ ಬೆರೆಸಲು ಅರ್ಹತೆ ಉಂಟಾ ನೋಡಿ. ಈಗಿರುವ ಕ್ಲಾಸ್, ಹೊಸದಾಗಿ ಹಿಡಿಯುವ ಕ್ಲಾಸ್, ಎರಡರ ಮುಖ್ಯ ಗುಣವೂ 13 ಇರಬೇಕು. ಫೈಟರ್‌ಗೆ ಸ್ಟ್ರೆಂತ್ (ಬಲ) ಅಥವಾ ಡೆಕ್ಸ್‌ಟೆರಿಟಿ (ಚುರುಕು), ರೋಗ್‌ಗೆ ಡೆಕ್ಸ್‌ಟೆರಿಟಿ. ಧರ್ಮಯೋಧ ಪ್ಯಾಲಡಿನ್‌ಗೆ ಸ್ಟ್ರೆಂತ್ ಮತ್ತು ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ಎರಡೂ ಬೇಕು. ದುಬಾರಿ ಅದು.

ಹೆಜ್ಜೆ 2: ಒಂದು ಪೆಟ್ಟಿನ ಸರಾಸರಿ

ಆರು ಮುಖದ ದಾಳ, ಅಂದರೆ ಡಿ6, ಸರಾಸರಿ 3.5 ಕೊಡುತ್ತದೆ. ಡಿ8 ಕೊಡುವುದು 4.5, ಡಿ10 ಕೊಡುವುದು 5.5. ಅತಿ ದೊಡ್ಡ ಅಂಕಿಗೆ ಒಂದು ಕೂಡಿಸಿ ಅರ್ಧ ಮಾಡಿದರೆ ಆಯಿತು. ಅದಕ್ಕೆ ನಿಮ್ಮ ಬೋನಸ್ ಕೂಡಿಸಿ. ಡೆಕ್ಸ್‌ಟೆರಿಟಿ 18 (ಅದರ ಬೋನಸ್ 4) ಇದ್ದು ರೇಪಿಯರ್, ಅಂದರೆ ಡಿ8ರ ತೆಳು ಕತ್ತಿ, ಹಿಡಿದ ಫೈಟರ್‌ಗೆ, ಒಂದೇ ಕತ್ತಿಯ ಡ್ಯೂಯಲಿಂಗ್ ಶೈಲಿಯ 2 ಸೇರಿ, 4.5 + 4 + 2 = 10.5.

ಹೆಜ್ಜೆ 3: ಎಷ್ಟು ಸಲ ತಾಗುತ್ತದೆ?

ಇದನ್ನು ಬಿಟ್ಟು ಲೆಕ್ಕ ಹಾಕುವವರೇ ಹೆಚ್ಚು. ಡಿ20 ಉರುಳಿಸಿ, ಬೋನಸ್ ಕೂಡಿಸಿ, ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ರಕ್ಷಣೆಯ ಅಂಕಿ, ಮುಟ್ಟಿದರೆ ತಾಗಿತು. ಸುಲಭದ ಸೂತ್ರ: 21ಕ್ಕೆ ನಿಮ್ಮ ಬೋನಸ್ ಕೂಡಿಸಿ, ಆರ್ಮರ್ ಕ್ಲಾಸ್ ಕಳೆಯಿರಿ, ಐದರಿಂದ ಗುಣಿಸಿ. ಬಂದದ್ದು ಶೇಕಡಾ. ಬೋನಸ್ 7 (ಡೆಕ್ಸ್‌ಟೆರಿಟಿಯ 4, ಲೆವೆಲ್‌ನಿಂದ ಬರುವ 3), ಆರ್ಮರ್ ಕ್ಲಾಸ್ 15 ಆದರೆ 13 × 5 = ಶೇ 65.

ಎದುರಾಳಿಯ ಆರ್ಮರ್ ಕ್ಲಾಸ್ ಎಷ್ಟೆಂದು ಹಿಡಿಯುವುದು? ಡಿಎಂಗಳ ಕೈಪಿಡಿಯ ಪಟ್ಟಿಯಲ್ಲಿ ಐದನೇ ಮಟ್ಟದ ರಾಕ್ಷಸನಿಗೆ 15, ಎಂಟನೆಯದಕ್ಕೆ 16, ಹತ್ತರಿಂದ ಹನ್ನೆರಡಕ್ಕೆ 17. ಅದನ್ನೇ ಇಟ್ಟುಕೊಳ್ಳಿ.

ಡಿ20ಯಲ್ಲಿ 20 ಬಿದ್ದರೆ ಕ್ರಿಟಿಕಲ್. ಆಗ ದಾಳಗಳು ಮಾತ್ರ ಎರಡು ಪಟ್ಟು, ಬೋನಸ್ ಅಲ್ಲ. ಇದು ನೂರರಲ್ಲಿ ಐದು ಸಲ. ಹಾಗಾಗಿ ದಾಳದ ಸರಾಸರಿಯ ಶೇ 5 ಕೊನೆಗೆ ಸೇರಿಸಿ.

ಹೆಜ್ಜೆ 4: ಐದನೇ ಲೆವೆಲ್‌ನಲ್ಲಿ ಮೂರು ಪಾತ್ರ ಪಕ್ಕಪಕ್ಕ

ಮೂವರೂ ಡೆಕ್ಸ್‌ಟೆರಿಟಿ 16ರಿಂದ ಶುರು ಮಾಡಿದರು ಎಂದುಕೊಳ್ಳಿ. ಮೂವರ ಕೈಯಲ್ಲೂ ರೇಪಿಯರ್. ಉಪಕ್ಲಾಸ್‌ಗಳನ್ನು ಸದ್ಯಕ್ಕೆ ಬದಿಗಿಡೋಣ.

ಸಾದಾ ಫೈಟರ್ ನಾಲ್ಕನೇ ಲೆವೆಲ್‌ನಲ್ಲಿ ಡೆಕ್ಸ್‌ಟೆರಿಟಿ 18 ಮಾಡಿಕೊಂಡ. ಐದಕ್ಕೆ ಎಕ್ಸ್‌ಟ್ರಾ ಅಟ್ಯಾಕ್ ಬಂತು. ಒಂದು ಸರದಿಗೆ ಎರಡು ಪೆಟ್ಟು, ತಾಗುವುದು ಶೇ 65. ಒಟ್ಟು ಸರಾಸರಿ 14.1.

ಸಾದಾ ರೋಗ್‌ಗೆ ಒಂದೇ ಪೆಟ್ಟು, ಆದರೆ ಹೊಂಚಿ ಹೊಡೆಯುವ ಸ್ನೀಕ್ ಅಟ್ಯಾಕ್‌ನಿಂದ ಹೆಚ್ಚುವರಿ 3ಡಿ6, ಅಂದರೆ ಮೂರು ಡಿ6 ದಾಳ. ತಾಗಿದರೆ 19. ಸರಾಸರಿ 13.1.

ಇನ್ನು ನಮ್ಮ ಹುಡುಗ. ಗುಣ ಹೆಚ್ಚಿಸಿಕೊಳ್ಳುವ ಅವಕಾಶ ಬರುವುದು ಆಯಾ ಕ್ಲಾಸಿನ ನಾಲ್ಕನೇ ಲೆವೆಲ್‌ನಲ್ಲಿ. ಮೂರು ಮತ್ತು ಎರಡು ಸೇರಿದರೆ ಐದಾಗುತ್ತದೆ ನಿಜ, ಆದರೆ ಯಾವ ಕ್ಲಾಸೂ ನಾಲ್ಕು ಮುಟ್ಟಿಲ್ಲ. ಡೆಕ್ಸ್‌ಟೆರಿಟಿ 16ರಲ್ಲೇ ಕೂತಿದೆ. ಬೋನಸ್ 6, ತಾಗುವುದು ಶೇ 60. ಎಕ್ಸ್‌ಟ್ರಾ ಅಟ್ಯಾಕ್ ಇಲ್ಲ. ಸ್ನೀಕ್ ಅಟ್ಯಾಕ್ 1ಡಿ6 ಮಾತ್ರ. ಸರಾಸರಿ 8.2.

14.1, 13.1, 8.2. ದಾಳ ಸರಿ ಬೀಳಲಿಲ್ಲ ಎಂದು ಗೊಣಗುತ್ತಿದ್ದ. ದಾಳದ ತಪ್ಪೇನೂ ಇರಲಿಲ್ಲ. ಹಾಗಂತ ಪಾತ್ರ ಬಿಸಾಡಬೇಕಾಗಿಯೂ ಇಲ್ಲ. ಮುಂದಿನ ಎರಡು ಲೆವೆಲ್ ಫೈಟರ್‌ಗೇ ಹಾಕಿದರೆ ಏಳನೇ ಲೆವೆಲ್‌ನಲ್ಲಿ ಅದೇ ಪಾತ್ರ 17.4ಕ್ಕೆ ಏರುತ್ತದೆ. ಮೊದಲೇ ಫೈಟರ್ ಐದು ಮುಗಿಸಿ ಆಮೇಲೆ ರೋಗ್ ಹಿಡಿದಿದ್ದರೆ ಆರನೇ ಲೆವೆಲ್‌ನಲ್ಲೇ 17.4 ಸಿಗುತ್ತಿತ್ತು, ನಡುವಿನ ಬರಗಾಲವೂ ಇರುತ್ತಿರಲಿಲ್ಲ. ಕತ್ತಿ ಹಿಡಿಯುವ ಪಾತ್ರವಾದರೆ ಐದನೇ ಲೆವೆಲ್ ಮುಗಿಯುವ ಮೊದಲು ಬೇರೆ ಕಡೆ ತಲೆ ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನೊಂದು ಗುಂಡಿ ಇಲ್ಲೇ ಉಂಟು. ಎರಡು ಕ್ಲಾಸಿನ ಎಕ್ಸ್‌ಟ್ರಾ ಅಟ್ಯಾಕ್ ಕೂಡಿಕೊಳ್ಳುವುದಿಲ್ಲ. ಫೈಟರ್ ಐದು, ರೇಂಜರ್ ಐದು ಮಾಡಿದರೂ ಎರಡೇ ಪೆಟ್ಟು. ಮೂರನೆಯದು ಬೇಕಾದರೆ ಫೈಟರ್‌ನಲ್ಲೇ ಹನ್ನೊಂದಕ್ಕೆ ಹೋಗಬೇಕು.

ಹೆಜ್ಜೆ 5: ಅದೇ ಲೆಕ್ಕ, ಎಂಟನೇ ಲೆವೆಲ್

ಈಗ ಎದುರಾಳಿಯ ಆರ್ಮರ್ ಕ್ಲಾಸ್ 16. ಸಾದಾ ಫೈಟರ್ 15.4. ಸಾದಾ ರೋಗ್ 16.2. ಫೈಟರ್ ಐದು, ರೋಗ್ ಮೂರು ಆದವನು 19.4.

ಇವನದ್ದು ಹೇಗೆ ಬಂತು ನೋಡಿ. ಡೆಕ್ಸ್‌ಟೆರಿಟಿ 18, ತಾಗುವುದು ಶೇ 60. ಎರಡು ಪೆಟ್ಟಿನಿಂದ ಸುಮಾರು 13. ಸ್ನೀಕ್ ಅಟ್ಯಾಕ್ 2ಡಿ6, ಅಂದರೆ 7, ಆದರೆ ಒಂದು ಸರದಿಗೆ ಒಂದೇ ಸಲ. ಎರಡರಲ್ಲಿ ಒಂದಾದರೂ ತಾಗುವ ಸಾಧ್ಯತೆ ಎಷ್ಟು? ಎರಡೂ ತಪ್ಪುವುದು 0.4 × 0.4 = 0.16. ಉಳಿದದ್ದು ಶೇ 84. ಏಳರ ಶೇ 84 ಎಂದರೆ 5.9. ಕ್ರಿಟಿಕಲ್‌ನ ಅರ್ಧ ಸೇರಿಸಿದರೆ 19.4. ಬೆರಕೆಯ ಲಾಭ ಇರುವುದು ಈ ಶೇ 84ರಲ್ಲಿ. ಸಾದಾ ರೋಗ್‌ನ ಒಂದೇ ಪೆಟ್ಟು ತಪ್ಪಿತೋ, ಆ ಸರದಿ ಹೋಯಿತು. ಇವನಿಗೆ ಇನ್ನೊಂದು ಅವಕಾಶ ಉಂಟು.

ಆದರೆ ಇಲ್ಲಿ ನಿಲ್ಲಿಸಿದರೆ ರೋಗ್‌ಗೆ ಅನ್ಯಾಯ. ರೇಪಿಯರ್ ಬಿಟ್ಟು ಎರಡು ಕೈಗೂ ಶಾರ್ಟ್‌ಸ್ವೋರ್ಡ್ ಕೊಡಿ. ಬೋನಸ್ ಆ್ಯಕ್ಷನ್‌ನಲ್ಲಿ, ಅಂದರೆ ಸರದಿಯ ಹೆಚ್ಚುವರಿ ಸಣ್ಣ ಕ್ರಿಯೆಯಲ್ಲಿ, ಎರಡನೇ ಪೆಟ್ಟು ಸಿಗುತ್ತದೆ. ಆ ಪೆಟ್ಟಿಗೆ ಗುಣದ ಬೋನಸ್ ಇಲ್ಲದಿದ್ದರೂ, ಮೊದಲನೆಯದು ತಪ್ಪಿದಾಗ 4ಡಿ6 ಸ್ನೀಕ್ ಅಟ್ಯಾಕ್ ಅದರ ಜೊತೆ ಹೋಗಬಹುದು. ಈಗ ಸಾದಾ ರೋಗ್ 21.4. ಬೆರಕೆಯವನಿಗೂ ಎರಡು ಕತ್ತಿ ಮತ್ತು ಅದಕ್ಕೆ ಹೊಂದುವ ಶೈಲಿ ಕೊಟ್ಟರೆ 21.1. ಸಾದಾ ಫೈಟರ್ 17.1. ನೋಡಿದಿರಲ್ಲ, ಆಯುಧ ಬದಲಾದ ಕೂಡಲೇ ಗೆದ್ದವನೂ ಬದಲಾದ! ಒಬ್ಬನ ಅತ್ಯುತ್ತಮ ಜೋಡಣೆಯನ್ನು ಇನ್ನೊಬ್ಬನ ಅರೆಬರೆ ಜೋಡಣೆಯ ಜೊತೆ ಹೋಲಿಸಿ "ನಂದೇ ಮೇಲು" ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಬೇಡ ಮಾರಾಯ್ರೆ.

ಹಾಗಾದರೆ ಬೆರಕೆಯವನಿಗೆ ಉಳಿದದ್ದೇನು? ಫೈಟರ್ ಎರಡನೇ ಲೆವೆಲ್‌ನ ಆ್ಯಕ್ಷನ್ ಸರ್ಜ್. ಒಂದು ಸಣ್ಣ ವಿಶ್ರಾಂತಿಗೆ ಒಂದು ಸಲ ಇನ್ನೊಂದು ಆ್ಯಕ್ಷನ್. ಒಂದು ಜಗಳ ನಾಲ್ಕು ಸುತ್ತು ನಡೆಯಿತು ಎಂದಿಟ್ಟುಕೊಳ್ಳಿ. ಎರಡು ಕತ್ತಿಯ ರೋಗ್ ಒಟ್ಟು 85ರಷ್ಟು ಹೊಡೆಯುತ್ತಾನೆ, ಬೆರಕೆಯವನು 94ರಷ್ಟು. ವಿಶ್ರಾಂತಿಯೇ ಇಲ್ಲದೆ ಎರಡನೇ ಜಗಳ, ಮೂರನೇ ಜಗಳ ಬಂದರೆ ಈ ಅಂತರ ಕರಗುತ್ತದೆ.

ಹೆಜ್ಜೆ 6: ನಿಮ್ಮ ಟೇಬಲ್‌ನಲ್ಲಿ ಇದು ನಡೆಯುತ್ತದಾ?

ಸ್ನೀಕ್ ಅಟ್ಯಾಕ್ ಸುಮ್ನೆ ಸಿಗುವುದಿಲ್ಲ. ಒಂದೋ ಅಡ್ವಾಂಟೇಜ್ ಬೇಕು, ಇಲ್ಲ ನಿಮ್ಮ ಕಡೆಯವರು ಯಾರಾದರೂ ಆ ಎದುರಾಳಿಯ ಐದು ಅಡಿಯೊಳಗೆ ನಿಂತಿರಬೇಕು. ನಿಮ್ಮ ಗುಂಪಿನ ಉಳಿದವರೆಲ್ಲ ಬಿಲ್ಲು ಹಿಡಿದು ದೂರ ನಿಲ್ಲುವವರಾದರೆ ಆ 5.9 ಹೆಚ್ಚಿನ ಸರದಿಗಳಲ್ಲಿ ಕಾಗದದಲ್ಲೇ ಉಳಿಯುತ್ತದೆ.

ಅಡ್ವಾಂಟೇಜ್ ಸಿಕ್ಕರೆ ಕತೆಯೇ ಬೇರೆ. ಎರಡು ಡಿ20 ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದರಿಂದ ಶೇ 65 ಹೋಗಿ ಶೇ 88ರ ಹತ್ತಿರ ಆಗುತ್ತದೆ. ಒಂದೇ ರೇಪಿಯರ್‌ನ ರೋಗ್ 16.2ರಿಂದ 22.4ಕ್ಕೆ ಹಾರುತ್ತಾನೆ. ಆದರೆ ಅಡಗಿ ಹೊಡೆಯುವವರಿಗೆ ಮೊದಲ ಪೆಟ್ಟಿಗೆ ಮಾತ್ರ ಈ ಲಾಭ. ಹೊಡೆದ ಮೇಲೆ ಅಡಗಿದ್ದು ಬಯಲಾಯಿತಲ್ಲ. ಹಾಗಾಗಿ ಕದ್ದು ಹೊಡೆಯುವ ಆಟ ಒಂದೇ ದೊಡ್ಡ ಪೆಟ್ಟಿನವನಿಗೆ ಹೆಚ್ಚು ಒಗ್ಗುತ್ತದೆ.

ಇನ್ನೊಂದು ಸೂಕ್ಷ್ಮ: ನಿಯಮ ಹೇಳುವುದು ಸರದಿಗೆ ಒಂದು ಸಲ ಎಂದು, ಸುತ್ತಿಗೆ ಒಂದು ಸಲ ಎಂದಲ್ಲ. ಎದುರಾಳಿ ನಿಮ್ಮ ಹತ್ತಿರದಿಂದ ಓಡಲು ಹೋದಾಗ ಅವನ ಸರದಿಯಲ್ಲಿ ರಿಯಾಕ್ಷನ್‌ನಿಂದ ಹೊಡೆದರೆ ಅಲ್ಲಿಯೂ ಸ್ನೀಕ್ ಅಟ್ಯಾಕ್ ಹಾಕಬಹುದು.

ಎದುರಾಳಿ ಯಾರು ಎಂಬುದೂ ನೋಡಬೇಕು. ನಮ್ಮ ಡಿಎಂ ಕತೆಯನ್ನು ಊರಿಗೇ ತಂದಿದ್ದಾರೆ. ಬೋಳೂರಿನ ಸುಲ್ತಾನ್ ಬತ್ತೇರಿಯ ಬುರುಜಿನಲ್ಲಿ ಗಾಬ್ಲಿನ್‌ಗಳು, ತಣ್ಣೀರುಬಾವಿಗೆ ದಾಟುವ ದೋಣಿಯ ಹತ್ತಿರ ಒಂದು ಓಗರ್. ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕಿ. ರೋಗ್ ಒಂದೇ ಪೆಟ್ಟಿಗೆ 23 ಹೊಡೆದರೆ 16 ದಂಡ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಅಷ್ಟರಲ್ಲಿ ಸಾದಾ ಫೈಟರ್ ಎರಡು ಪೆಟ್ಟಿಗೆ ಎರಡು ಗಾಬ್ಲಿನ್ ಮುಗಿಸಬಹುದು. ಓಗರ್‌ಗೆ 59 ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ ಬರೇ 11. ಅಲ್ಲಿ ಹೊಡೆದದ್ದೆಲ್ಲ ಲೆಕ್ಕಕ್ಕೆ ಸಿಗುತ್ತದೆ.

ಹೆಜ್ಜೆ 7: ಮಂತ್ರ ಸೇರಿಸುವವರಿಗೆ

ಪ್ಯಾಲಡಿನ್‌ನ ಡಿವೈನ್ ಸ್ಮೈಟ್ (ಪೆಟ್ಟಿಗೆ ದೈವಶಕ್ತಿ ಸೇರಿಸುವುದು) ನೋಡಿ ಹಲವರು ಮರುಳಾಗುತ್ತಾರೆ. ಮೊದಲ ಮಟ್ಟದ ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಒಂದು ಸಲದ ಶಕ್ತಿ) ಸುಟ್ಟರೆ 2ಡಿ8, ಸರಾಸರಿ 9. ಕ್ರಿಟಿಕಲ್ ಆದರೆ 18. ಆದರೆ ಪ್ಯಾಲಡಿನ್ ಎರಡನೇ ಲೆವೆಲ್‌ಗೆ ಸ್ಲಾಟ್ ಇರುವುದು ಎರಡೇ. ಬೇರೆ ಮಂತ್ರದ ಕ್ಲಾಸ್ ಜೊತೆಗಿಲ್ಲದಿದ್ದರೆ ಇಡೀ ದಿನಕ್ಕೆ 18 ಹೆಚ್ಚುವರಿ ಡ್ಯಾಮೇಜ್, ಅಷ್ಟೇ. ಆ ದಿನ ಹನ್ನೆರಡು ಸುತ್ತು ಜಗಳ ನಡೆದರೆ ಸುತ್ತಿಗೆ ಒಂದೂವರೆ ಬಿತ್ತು. ಮಂತ್ರದ ಕ್ಲಾಸ್ ಆದ ಸಾರ್ಸರರ್ ಬೆರೆಸಿ ಸ್ಲಾಟ್ ಹೆಚ್ಚಿಸಿಕೊಳ್ಳುವುದು ಈ ಕಾರಣಕ್ಕೆ. ಆದರೆ 2024ರ ನಿಯಮದಲ್ಲಿ ಸ್ಮೈಟ್ ಬೋನಸ್ ಆ್ಯಕ್ಷನ್ ಬೇಡುವ ಮಂತ್ರವಾಗಿದೆ. ಒಂದೇ ಸರದಿಯಲ್ಲಿ ಎರಡು ಮೂರು ಸ್ಮೈಟ್ ಸುರಿಯುವ ಹಳೆಯ ಲೆಕ್ಕಗಳನ್ನು ಅಲ್ಲಿಗೆ ತರಬೇಡಿ.

ವಾರ್‌ಲಾಕ್ ಇದಕ್ಕೆ ತದ್ವಿರುದ್ಧ. ಅವನ ಕಿರಣ ಬಿಡುವ ಮಂತ್ರ ಎಲ್ಡ್ರಿಚ್ ಬ್ಲಾಸ್ಟ್‌ಗೆ ಸ್ಲಾಟ್ ಖರ್ಚಿಲ್ಲ. ಅದರ ಕಿರಣಗಳು ಹೆಚ್ಚುವುದು ವಾರ್‌ಲಾಕ್ ಲೆವೆಲ್ ನೋಡಿ ಅಲ್ಲ, ಪಾತ್ರದ ಒಟ್ಟು ಲೆವೆಲ್ ನೋಡಿ: ಐದು, ಹನ್ನೊಂದು, ಹದಿನೇಳು. ಎರಡು ಲೆವೆಲ್ ವಾರ್‌ಲಾಕ್ ಮಾಡಿ ಅಗೊನೈಸಿಂಗ್ ಬ್ಲಾಸ್ಟ್ ತೆಗೆದುಕೊಂಡರೆ ಪ್ರತಿ ಕಿರಣಕ್ಕೂ ಡಿ10 ಜೊತೆ ಕರಿಸ್ಮಾ ಬೋನಸ್. ಕರಿಸ್ಮಾ ಮೊದಲೇ ಚೆನ್ನಾಗಿರುವ ಬಾರ್ಡ್, ಸಾರ್ಸರರ್‌ಗಳಿಗೆ ಇಷ್ಟು ಅಗ್ಗದ ಬೆರಕೆ ಇನ್ನೊಂದು ನನಗೆ ಕಂಡಿಲ್ಲ. ಬೆಲೆ ಇಲ್ಲವೆಂದಲ್ಲ. ದೊಡ್ಡ ಮಂತ್ರಗಳು ಎರಡು ಲೆವೆಲ್ ತಡವಾಗಿ ಬರುತ್ತವೆ.

ಕೊನೆಯ ಹೆಜ್ಜೆ: ಲೆಕ್ಕದ ಕಾಗದ ಇಟ್ಟುಕೊಳ್ಳಿ

ಪ್ರತಿ ಲೆವೆಲ್ ಏರುವ ಮೊದಲು "ಇದೇ ಕ್ಲಾಸ್" ಮತ್ತು "ಇನ್ನೊಂದು ಕ್ಲಾಸ್" ಎಂದು ಎರಡು ಸಾಲು ಬರೆದು ಹೋಲಿಸಿ. ಹನ್ನೊಂದರಲ್ಲಿ ಸಾದಾ ಫೈಟರ್‌ಗೆ ಮೂರನೇ ಪೆಟ್ಟು ಬಂದು ರೇಪಿಯರ್‌ನಲ್ಲಿ 23.1 ಆಗುತ್ತದೆ. ಫೈಟರ್ ಐದು, ರೋಗ್ ಆರು ಆದವನು 25.3ರಲ್ಲಿ ಇನ್ನೂ ಮುಂದೆ, ಆದರೆ ಅಂತರ ಕಿರಿದಾಗಿದೆ. ಡಿಎಂ ನಡುವೆ ಒಂದು ಮ್ಯಾಜಿಕ್ ಕತ್ತಿ ಕೊಟ್ಟರಂತೂ ಹೊಸದಾಗಿ ಹಾಕಲೇಬೇಕು. ಪ್ಲಸ್ ಒಂದರ ರೇಪಿಯರ್ ಎಂಟನೇ ಲೆವೆಲ್‌ನ ಸಾದಾ ರೋಗ್‌ಗೆ 1.9 ಸೇರಿಸಿದರೆ, ಎರಡು ಪೆಟ್ಟು ಹೊಡೆಯುವ ಬೆರಕೆಯವನಿಗೆ 2.6 ಸೇರಿಸುತ್ತದೆ. ಕತ್ತಿ ಯಾರಿಗೆ ಎಂದು ಗುಂಪಿನಲ್ಲಿ ಜಗಳ ಶುರುವಾಗುವ ಮೊದಲೇ ಈ ಎರಡು ಅಂಕಿ ಕೈಯಲ್ಲಿರಲಿ.